ಅಮ್ಮನ ಹಾಡೂ ಹೊಸ ವಿಂಡೋಸೂ

ಅಮ್ಮ ಹುಟ್ಟಿದ್ದು ಪಾವಗಡದಲ್ಲಿ, ಸೊಸೆಯಾಗಿ ಬಂದದ್ದು ಶಿರಾಕ್ಕೆ. ಎರಡೂ ಕಡೆಯ ಸೋಬಾನೆ ಹಾಡುಗಳನ್ನು ಅವಳ ಬಾಯಿಂದ ಕೇಳಿ, ಮಧುಗಿರಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ‘ನುಡಿ’ಯಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಅವಳು ಹೋದ ಮೇಲೆ ಉಳಿದದ್ದು ಅಷ್ಟೇ.

2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಕಂಪನಿಯ ಆಸರೆ ನಿಂತಿತು. ವಿಂಡೋಸ್ 10 ಹಾಕಿಸಿ ಕಡತ ತೆರೆದರೆ ಎದೆ ಧಸಕ್ಕೆಂದಿತು. ‘ಕ’ ಇದ್ದಲ್ಲೆಲ್ಲ ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀರು ಹೊತ್ತ ‘ಎ’!

ಕಡತವೇನೂ ಕೆಟ್ಟಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಸಂಖ್ಯೆಗಳು ಸಿಕ್ಕಿದ್ದರೂ ನಾವು ಬಹುಕಾಲ ಹಳೆಯ ರೀತಿಯಲ್ಲೇ ಬರೆದೆವು: ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗಿಟ್ಟು. ಫಾಂಟ್ ಇಲ್ಲದಿದ್ದರೆ ಕಾಣುವುದು ಮನೆಯ ಯಜಮಾನನೇ. ಅದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ, ನೋಡಿ.

ಕೊರಟಗೆರೆಯ ತಂಗಿಯ ಹಳೆಯ ಕಂಪ್ಯೂಟರಿನಿಂದ ಫಾಂಟ್ ತಂದು ಹಾಕಿದೆ, ಹಾಡು ಮರಳಿತು. ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆ. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು; ಸಾಲುಸಾಲಾಗಿ ಓದಿ ತಿದ್ದಿದೆ. ಪಾವಗಡದ ಹಾಡುಗಳಲ್ಲಿ ತೆಲುಗೂ ಬೆರೆತಿದೆ (ಆ ಸೀಮೆಯ ಸುತ್ತ ಬಹುಪಾಲು ಆಂಧ್ರವೇ ಅಲ್ಲವೆ!). ಒಂದು ಪದ ಅಮ್ಮನದೋ ಯಂತ್ರದ್ದೋ ತಿಳಿಯದೆ ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವರು ಇಡೀ ಹಾಡನ್ನೇ ಹಾಡಿಬಿಟ್ಟರು. ಪದ ಅಮ್ಮನದೇ.