ಕಟ್ಟಿಗೆ ಆರಿಸಿದ ಊರು: ಭದ್ರಾವತಿ ಕಬ್ಬಿಣ ಕಾರ್ಖಾನೆಯ ಸ್ಥಳನಿರ್ಣಯ ಕುರಿತು ಒಂದು ಟಿಪ್ಪಣಿ

ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಭದ್ರಾವತಿಗೇ ಏಕೆ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ: ಕೆಮ್ಮಣ್ಣುಗುಂಡಿಯ ಅದಿರು, ಭದ್ರಾ ನದಿಯ ನೀರು, ವಿಶ್ವೇಶ್ವರಯ್ಯನವರ ದೂರದೃಷ್ಟಿ. ಮೂರೂ ನಿಜ. ಆದರೆ ಮೂರನ್ನು ಕೂಡಿಸಿದರೂ ಊರು ಗೊತ್ತಾಗುವುದಿಲ್ಲ. ಅದಿರೇ ನಿರ್ಣಾಯಕವಾಗಿದ್ದರೆ ಕುಲುಮೆ ಬಾಬಾಬುಡನ್ ಬೆಟ್ಟಗಳ ಬುಡದಲ್ಲಿ, ತರೀಕೆರೆಯ ಆಸುಪಾಸಿನಲ್ಲಿ ಏಳಬೇಕಿತ್ತು. ನೀರೇ ನಿರ್ಣಾಯಕವಾಗಿದ್ದರೆ ತುಂಗೆ ಭದ್ರೆಯರ ದಂಡೆಯಲ್ಲಿ ಜಾಗಕ್ಕೆ ಬರವಿರಲಿಲ್ಲ. ದೂರದೃಷ್ಟಿ ಕಾರ್ಖಾನೆ ಬೇಕೆಂದು ಹೇಳುತ್ತದೆ, ಎಲ್ಲಿ ಬೇಕೆಂದು ಹೇಳುವುದಿಲ್ಲ. ಜಾಗವನ್ನು ಗೊತ್ತುಮಾಡಿದ್ದು ಕಟ್ಟಿಗೆ ಎಂಬುದು ನನ್ನ ವಾದ. ಅದರ ಹಿಂದೆ ಸಂಸ್ಥಾನದ ಗಡಿಯೂ ಕೆಲಸ ಮಾಡಿತ್ತು; ಆ ಮಾತು ಮುಂದೆ ಬರುತ್ತದೆ.

ಮೊದಲು ತೂಕದ ಲೆಕ್ಕ ನೋಡೋಣ. ಒಂದು ಟನ್ ಬೀಡುಕಬ್ಬಿಣಕ್ಕೆ ಒಳ್ಳೆಯ ಅದಿರಾದರೆ ಸುಮಾರು ಒಂದೂವರೆ ಟನ್ನಿಗಿಂತ ಸ್ವಲ್ಪ ಹೆಚ್ಚು ಬೇಕು. ಸುಣ್ಣಕಲ್ಲು ಅರ್ಧ ಟನ್ನಿನ ಒಳಗೆ ಸಾಕು. ಇದ್ದಿಲು ಹೆಚ್ಚುಕಡಿಮೆ ಒಂದು ಟನ್. ಇಷ್ಟಕ್ಕೇ ನಿಲ್ಲಿಸಿದರೆ ಅದಿರೇ ಭಾರದ ವಸ್ತು ಎನಿಸುತ್ತದೆ. ಆದರೆ ಇದ್ದಿಲನ್ನು ಯಾರೂ ನೆಲದಿಂದ ಅಗೆದು ತೆಗೆಯುವುದಿಲ್ಲ. ಒಣಗಿದ ಕಟ್ಟಿಗೆ ನಾಲ್ಕು ಟನ್ ಸುಟ್ಟರೆ ಒಂದು ಟನ್ ಇದ್ದಿಲು ಕೈಗೆ ಬರುತ್ತದೆ. ದಿನಕ್ಕೆ 60 ಟನ್ ಬೀಡುಕಬ್ಬಿಣ ಇಳಿಸುವ ಕುಲುಮೆ ಎಂದು ಹಿಡಿದರೆ ಅದಿರು 100 ಟನ್ನಿನ ಆಸುಪಾಸು, ಕಟ್ಟಿಗೆಯೋ 200 ಟನ್ನಿಗೂ ಮೀರಿ. ಅದೂ ಪ್ರತಿದಿನ, ಮಳೆಗಾಲದ ಮಲೆನಾಡಿನಲ್ಲಿ. ಕಾರ್ಖಾನೆಗೆ ಬರುವ ಹೊರೆಯಲ್ಲಿ ಸಿಂಹಪಾಲು ಕಾಡಿನದು. ಕೊನೆಗೆ ಹೊರಬೀಳುವ ಕಬ್ಬಿಣದಲ್ಲಿ ಆ ಕಟ್ಟಿಗೆಯ ತೂಕ ಇಲ್ಲವೆಂದೇ ಹೇಳಬಹುದು.

ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ವಸ್ತುವಿನ ಕಡೆಗೆ ಕಾರ್ಖಾನೆ ಸರಿಯುತ್ತದೆ ಎಂಬುದನ್ನು ಜರ್ಮನಿಯ ಆಲ್‌ಫ್ರೆಡ್ ವೇಬರ್ 1909ರಲ್ಲಿ ಸಿದ್ಧಾಂತವಾಗಿ ಬರೆದಿಟ್ಟರು. ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1929ರಲ್ಲಿ. ಅಷ್ಟು ಹೊತ್ತಿಗೆ ಭದ್ರಾವತಿಯ ಕುಲುಮೆಗೆ ಆರು ವರ್ಷ ತುಂಬಿತ್ತು. ಪುಸ್ತಕದ ನೆರವಿಲ್ಲದೆಯೂ ಎಂಜಿನಿಯರುಗಳು ಆ ಲೆಕ್ಕಕ್ಕೆ ಬಂದಿದ್ದರು. ಮೈಸೂರು ಸರ್ಕಾರ ಸಲಹೆ ಕೇಳಿದ್ದು ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯನ್ನು. ಟಾಟಾ ಕಂಪನಿ ಸಾಕ್ಚಿಯಲ್ಲಿ, ಅಂದರೆ ಇಂದಿನ ಜಮ್‌ಶೆಡ್‌ಪುರದಲ್ಲಿ, ಕಾರ್ಖಾನೆ ಕಟ್ಟುವಾಗ ಸಲಹೆಗಾರರಾಗಿದ್ದ ಚಾರ್ಲ್ಸ್ ಪೇಜ್ ಪೆರಿನ್ ಅವರೇ ಇಲ್ಲಿಗೂ ಬಂದರು. ಆದರೆ ಸಾಕ್ಚಿಯ ಪಾಠ ಇಲ್ಲಿ ನಡೆಯುವಂತಿರಲಿಲ್ಲ. ಅಲ್ಲಿ ಝರಿಯಾದ ಕಲ್ಲಿದ್ದಲು ದೂರದಿಂದಲೇ ರೈಲೇರಿ ಬರಬಲ್ಲುದು. ಕೋಕ್ ಗಟ್ಟಿ, ಎತ್ತಿಹಾಕಿದರೂ ಪುಡಿಯಾಗದು. ಆದ್ದರಿಂದ ಎರಡು ನದಿ ಕೂಡುವ ಕಡೆ, ಅದಿರಿಗೆ ಹತ್ತಿರ ಕುಲುಮೆ ಹೂಡುವ ಸ್ವಾತಂತ್ರ್ಯವಿತ್ತು. ಮೈಸೂರಿನಲ್ಲಿ ಕಲ್ಲಿದ್ದಲೇ ಇಲ್ಲ. ಇದ್ದಿಲು ಹಗುರ, ಗಾಡಿ ತುಂಬಿಬಿಡುತ್ತದೆ, ತೂಕ ಮಾತ್ರ ಬಾರದು. ಮೂರು ಸಲ ಇಳಿಸಿ ಏರಿಸಿದರೆ ಅದರಲ್ಲೊಂದು ಪಾಲು ಪುಡಿ. ದೂರದ ಪಯಣಕ್ಕೆ ಒಗ್ಗದ ಸರಕು ಅದು.

ಈ ಕಣ್ಣಿನಿಂದ ನಕ್ಷೆ ನೋಡಿದರೆ ಬೆಂಕಿಪುರದ ಜಾಗ ಎದ್ದು ಕಾಣುತ್ತದೆ. (ಭದ್ರಾವತಿಯ ಹಳೆಯ ಹೆಸರು ಅದು. ಹೆಸರು ಕುಲುಮೆಗಿಂತ ಹಳೆಯದು; ಕಾರ್ಖಾನೆಯ ಬೆಂಕಿಯಿಂದ ಹೆಸರು ಬಂತೆಂಬ ಮಾತನ್ನು ಕೈಬಿಡಬೇಕು.) ಊರು ಇರುವುದು ಮಲೆನಾಡಿನ ಹೊಸ್ತಿಲಲ್ಲಿ. ಪಡುವಣಕ್ಕೂ ತೆಂಕಣಕ್ಕೂ ಕಾಡು, ಮೂಡಣಕ್ಕೆ ಬಯಲು. ಬಯಲ ಕಡೆಯಿಂದ 1899ರಲ್ಲೇ ಬೀರೂರು–ಶಿವಮೊಗ್ಗ ಮೀಟರ್‌ಗೇಜ್ ಹಳಿ ಬಂದಿತ್ತು. ಕಾಡಿನ ನಡುವೆ ಹೋದರೆ ಕಟ್ಟಿಗೆ ಅಗ್ಗ, ಆದರೆ ಕಬ್ಬಿಣ ಹೊರಗೆ ಬರುವುದು ದುಬಾರಿ. ಬಯಲಿಗೆ ಇಳಿದರೆ ಅದಕ್ಕೆ ತಿರುಗುಮುರುಗು. ಎರಡೂ ಸಂಧಿಸುವ ಅಂಚಿನಲ್ಲಿ, ಹಳಿ ಹೊಳೆಯನ್ನು ದಾಟುವ ಕಡೆ, ಕುಲುಮೆ ನಿಂತಿತು. ಸುಣ್ಣಕಲ್ಲಿಗೆ ಭಂಡಿಗುಡ್ಡ ಹತ್ತಿರವಿತ್ತು. ಅದಿರಿನ ವಿಷಯದಲ್ಲಿ ಒಂದು ಅನುಕೂಲ ಒದಗಿತು: ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,400 ಮೀಟರಿಗೂ ಎತ್ತರ, ಭದ್ರಾವತಿ 600ರ ಆಸುಪಾಸು. ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರಿಹಳಿಯ ಮೇಲೆ ಸಾಗುತ್ತಿತ್ತು. ಭಾರದ ಪಯಣವೆಲ್ಲ ಇಳಿಜಾರು. ಹಾಗಾಗಿ ಅದಿರನ್ನು ಸ್ವಲ್ಪ ದೂರದಿಂದ ತರಿಸಿಕೊಂಡು, ಕುಲುಮೆಯನ್ನು ಕಟ್ಟಿಗೆಗೂ ರೈಲಿಗೂ ಹತ್ತಿರ ಇಡಲು ಸಾಧ್ಯವಾಯಿತು.

ಇಲ್ಲೊಂದು ತೊಡಕಿದೆ, ಈ ಟಿಪ್ಪಣಿ ಬರೆಯಲು ಕಾರಣವೂ ಅದೇ. ಕಟ್ಟಿಗೆ ಅಷ್ಟು ತೂಕ ಕಳೆದುಕೊಳ್ಳುವುದಾದರೆ ಅದನ್ನು ಕಾಡಿನಲ್ಲೇ ಸುಟ್ಟು ಇದ್ದಿಲನ್ನಷ್ಟೇ ತರುವುದು ಜಾಣತನವಲ್ಲವೇ? ನಮ್ಮ ಹಳ್ಳಿಯ ಕುಲುಮೆಗಳು ಮಾಡುತ್ತಿದ್ದುದು ಅದನ್ನೇ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ ಕರಗಿಸುವವರ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಕುಲುಮೆ ಚಿಕ್ಕದು, ಮಣ್ಣಿನದು, ಇದ್ದಿಲು ಕಾಡಿನಿಂದ. ಭದ್ರಾವತಿಯ ಯೋಜಕರು ಇದಕ್ಕೆ ವಿರುದ್ಧವಾಗಿ ಇಡೀ ಕಟ್ಟಿಗೆಯನ್ನು ಕಾರ್ಖಾನೆಯ ಬಾಗಿಲಿಗೇ ತರಲು ನಿರ್ಧರಿಸಿದರು. ಕಾರಣ, ಕಾಡಿನ ಗುಂಡಿಯಲ್ಲಿ ಸುಟ್ಟರೆ ಹೊಗೆಯಾಗಿ ಹೋಗುವ ತೂಕದಲ್ಲಿ ಅವರು ಹಣವನ್ನು ಕಂಡಿದ್ದರು. ಕಟ್ಟಿಗೆಯನ್ನು ಮುಚ್ಚಿದ ಉಕ್ಕಿನ ಒಲೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಹಿಡಿದರೆ ಅಸಿಟೇಟ್ ಆಫ್ ಲೈಮ್, ಮರದ ಆಲ್ಕೊಹಾಲು, ಟಾರು ಸಿಗುತ್ತವೆ. ಅಮೆರಿಕದ ಮಿಷಿಗನ್‌ನಲ್ಲಿ ಇದ್ದಿಲ ಕುಲುಮೆಗಳು ಈ ಕ್ರಮದಿಂದ ನಡೆಯುತ್ತಿದ್ದವು. ಮೇಲಾಗಿ ಆಗ ಮೊದಲ ಮಹಾಯುದ್ಧದ ಕಾಲ. ಸಿಡಿಮದ್ದಿಗೆ ಅಸಿಟೋನ್ ಬೇಕು, ಅಸಿಟೋನಿಗೆ ಅಸಿಟೇಟ್ ಬೇಕು, ಬೆಲೆ ಗಗನಕ್ಕೇರಿತ್ತು. ಆ ಬೆಲೆಯಲ್ಲಿ ಲೆಕ್ಕ ಹಾಕಿದಾಗ ಕಟ್ಟಿಗೆಯ ಮುಕ್ಕಾಲು ತೂಕ ದಂಡವಾಗಿ ಉಳಿಯದೆ ಸರಕಾಯಿತು. ಮೀಟರ್‌ಗೇಜ್ ಹಳಿಯ ಪಕ್ಕದ, ಕಾಡಿನ ಅಂಚಿನ ಊರನ್ನು ಸಮರ್ಥಿಸಿದ್ದು ಈ ಲೆಕ್ಕ. ಕಾಡಿನಲ್ಲಿ ಸುಡುವುದೆಂದು ತೀರ್ಮಾನವಾಗಿದ್ದರೆ ಕುಲುಮೆ ಅದಿರಿನ ಕಡೆಗೆ ಸರಿಯುತ್ತಿತ್ತು ಎಂದು ನಾನು ಭಾವಿಸುತ್ತೇನೆ.

ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಅದೇ ವರ್ಷ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರದ ಹಂಗಿಲ್ಲದೆ, ಅನಿಲಗಳಿಂದ ಮೆಥನಾಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿತು. ಯುದ್ಧ ಮುಗಿದು ಅಸಿಟೇಟಿನ ಬೇಡಿಕೆಯೂ ಇಳಿದಿತ್ತು, ಬೀಡುಕಬ್ಬಿಣದ ಬೆಲೆಯೂ ಬಿದ್ದಿತ್ತು. ಸ್ಥಳವನ್ನು ಸಮರ್ಥಿಸಿದ ಉಪಉತ್ಪನ್ನಗಳ ಬೆಲೆ ಕಾರ್ಖಾನೆಯ ಬೆನ್ನಿಗೇ ಕುಸಿಯಿತು. ಕಟ್ಟಿದವರ ಅಜಾಗರೂಕತೆ ಇದು ಎಂದು ಹೇಳುವುದು ಅನ್ಯಾಯ. 1918ರಲ್ಲಿ ಕೂತು ಜರ್ಮನಿಯ ಪ್ರಯೋಗಶಾಲೆಯ ಫಲವನ್ನು ಊಹಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಒಂದು ಜಾಗದ ಆಯ್ಕೆ ಎಷ್ಟು ಬೆಲೆಗಳ ಮೇಲೆ ನಿಂತಿದೆ, ಅವುಗಳಲ್ಲಿ ಯಾವುವು ಯುದ್ಧಕಾಲದವು ಎಂದು ಬೇರ್ಪಡಿಸಿ ನೋಡುವ ಕೆಲಸ ಆಗಲೂ ಸಾಧ್ಯವಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಮಂಡಳಿಗೆ 1923ರಲ್ಲಿ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು 1929ರವರೆಗೆ ಅದನ್ನು ನಡೆಸಿದರು. ಬೀಡುಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಎರಕದ ಕೊಳವೆ ಮಾಡಿ ಮಾರುವ ದಾರಿ ಹಿಡಿದದ್ದು ಆ ಕಾಲದಲ್ಲಿ. ಸ್ಥಳಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ: ಬಂದರು ದೂರ, ಸಂಸ್ಥಾನದೊಳಗೆ ಕೊಳ್ಳುವವರು ಕಡಿಮೆ, ಹೀಗಿರುವಾಗ ಟನ್ನಿಗೆ ಹೆಚ್ಚು ಬೆಲೆ ಬಾಳುವ ಸರಕೇ ರೈಲು ಬಾಡಿಗೆ ಹೊರಬಲ್ಲುದು.

ಇದ್ದಿಲು ಇನ್ನೊಂದು ಕಟ್ಟನ್ನೂ ಹಾಕಿತು. ಎತ್ತರದ ಕುಲುಮೆಯಲ್ಲಿ ಮೇಲಿನ ಹೊರೆಯ ಭಾರಕ್ಕೆ ಇದ್ದಿಲು ನಲುಗಿ ಗಾಳಿಯ ದಾರಿ ಮುಚ್ಚುತ್ತದೆ. ಆದ್ದರಿಂದ ಇದ್ದಿಲ ಕುಲುಮೆ ಚಿಕ್ಕದಾಗಿಯೇ ಇರಬೇಕು. ಕೋಕ್ ಕುಲುಮೆಗಳು ದಶಕದಿಂದ ದಶಕಕ್ಕೆ ಬೆಳೆದು ಟನ್ನಿನ ಖರ್ಚನ್ನು ಇಳಿಸಿಕೊಂಡವು. ಭದ್ರಾವತಿಗೆ ಆ ದಾರಿ ಮುಚ್ಚಿತ್ತು. ಗಂಧಕ ಕಡಿಮೆಯಿರುವ ಇದ್ದಿಲ ಕಬ್ಬಿಣದ ಗುಣ ಉತ್ತಮವೆಂಬ ಹೆಸರು ಮಾತ್ರ ಕೈಯಲ್ಲಿತ್ತು. ಇನ್ನು ಕಾಡಿನ ಮಾತು. ಗಣಿ ಇದ್ದಲ್ಲೇ ಇರುತ್ತದೆ, ಮರ ಕಡಿಯುವ ಕೂಪು ಇರುವುದಿಲ್ಲ. ಕಡಿದ ಜಾಗ ಮತ್ತೆ ಬೆಳೆಯಲು ದಶಕಗಳು ಬೇಕು. ಅಷ್ಟರವರೆಗೆ ಕೊಡಲಿ ಮುಂದೆ ಮುಂದೆ ಹೋಗುತ್ತದೆ, ಕಿರಿಹಳಿ ಅದರ ಹಿಂದೆ ಹೋಗುತ್ತದೆ, ಕಟ್ಟಿಗೆಯ ಪ್ರತಿ ಟನ್ನೂ ಹಿಂದಿನ ವರ್ಷಕ್ಕಿಂತ ದೂರದಿಂದ ಬರುತ್ತದೆ. ಒಂದೇ ದಿನದ ದೂರಗಳನ್ನು ಅಳೆದು ಜಾಗ ಗೊತ್ತುಮಾಡುವ ಸೂತ್ರದಲ್ಲಿ ಈ ಚಲನೆಗೆ ಸ್ಥಾನವಿಲ್ಲ. ಮಲೆನಾಡಿನ ಕಾಡನ್ನು ಪ್ರೀತಿಸುವ ನನಗೆ ಈ ಭಾಗದ ಲೆಕ್ಕ ಹಾಕುವಾಗ ಕೈ ತಡೆಯುತ್ತದೆ. ದಿನಕ್ಕೆ 200 ಟನ್ ಎಂಬ ಅಂಕಿಯ ಹಿಂದೆ ಹೊನ್ನೆ, ಮತ್ತಿ, ನಂದಿಯಂಥ ಮರಗಳ ನಾಡಿದೆ.

ಕಟ್ಟಿಗೆಗೆ ನಿಜವಾದ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಕಾಡು ಸರ್ಕಾರದ್ದು, ಗಣಿಯ ಹಕ್ಕು ಸರ್ಕಾರದ್ದು, ಕಾರ್ಖಾನೆಯೂ ಸರ್ಕಾರದ್ದೇ. ಖಾಸಗಿ ಉದ್ಯಮಿಯಾಗಿದ್ದರೆ ಕಾಡಿನ ಒಡೆಯನೊಂದಿಗೆ ಚೌಕಾಸಿ ಮಾಡುತ್ತಿದ್ದ. ಇಲ್ಲಿ ಒಂದು ಇಲಾಖೆಯ ಖಾತೆಯಿಂದ ಇನ್ನೊಂದಕ್ಕೆ ಅಂಕಿ ಸರಿಯುತ್ತಿತ್ತು. ಕೊಳ್ಳುವವನೂ ಮಾರುವವನೂ ಒಬ್ಬನೇ ಆದಾಗ ಅತಿ ಹೆಚ್ಚು ಬಳಕೆಯಾಗುವ ವಸ್ತುವಿಗೆ ಪೇಟೆಯ ಪರೀಕ್ಷೆ ಇರುವುದಿಲ್ಲ.

ಈಗ ಗಡಿಯ ಮಾತು. ಸಂಡೂರು–ಹೊಸಪೇಟೆಯ ಅದಿರು ಆ ಕಾಲದವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಬರೆದ ರಾಬರ್ಟ್ ಬ್ರೂಸ್ ಫೂಟ್ ಅವರೇ 1894ರಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಆದರೆ ಬಳ್ಳಾರಿ ಮದರಾಸು ಪ್ರಾಂತ್ಯದ್ದು, ಸಂಡೂರು ಬೇರೆ ಸಂಸ್ಥಾನ. ಮೈಸೂರು ದರ್ಬಾರು ತನ್ನ ಹಣವನ್ನು ತನ್ನ ಗಡಿಯೊಳಗೆ ಹೂಡಬೇಕಿತ್ತು, ತನ್ನ ಜನರಿಗೆ ಕೆಲಸ ಕೊಡಬೇಕಿತ್ತು. ಹಾಗಾಗಿ ಆಯ್ಕೆ ನಡೆದದ್ದು ಕತ್ತರಿಸಿದ ನಕ್ಷೆಯ ಮೇಲೆ. ಬಾಬಾಬುಡನ್ ಅದಿರು ಗೆದ್ದದ್ದು ದಕ್ಷಿಣದ ಅದಿರುಗಳೆಲ್ಲದರ ನಡುವೆ ಅಲ್ಲ, ಮೈಸೂರಿನ ಅದಿರುಗಳ ನಡುವೆ.

ಆ ಮೇಲೆ ಕಾರಣಗಳು ಒಂದೊಂದಾಗಿ ಕಳಚಿದವು. 1948ರಲ್ಲಿ ಜೋಗದ ಜಲವಿದ್ಯುತ್ ಕೇಂದ್ರ ಶುರುವಾಯಿತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖ ತಂತಿಯಲ್ಲಿ ಬರುವುದರಿಂದ ಇದ್ದಿಲಿನ ಕೆಲಸ ಅರ್ಧಕ್ಕರ್ಧ ತಗ್ಗಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಜಾಗವನ್ನು ಗೊತ್ತುಮಾಡಿದ ಇಂಧನವೂ ಗಡಿಯೂ ಕೆಲವೇ ವರ್ಷಗಳ ಅಂತರದಲ್ಲಿ ಹಳೆಯ ಬಿಗಿ ಕಳೆದುಕೊಂಡವು. ಆದರೆ ಅಷ್ಟರಲ್ಲಿ ಊರು ಬೆಳೆದಿತ್ತು. ಉಕ್ಕಿನ ವಿಭಾಗ, ಸಿಮೆಂಟ್ ಕಾರ್ಖಾನೆ, ಪಕ್ಕದಲ್ಲೇ ಕಾಗದದ ಕಾರ್ಖಾನೆ, ಮಲೇರಿಯಾದ ನಾಡಿಗೆ ಎಲ್ಲೆಲ್ಲಿಂದಲೋ ಬಂದು ನೆಲೆನಿಂತ ತಮಿಳು, ತೆಲುಗು, ಕನ್ನಡದ ಕಾರ್ಮಿಕ ಕುಟುಂಬಗಳು, ತಂದೆಯಿಂದ ಮಗನಿಗೆ ಬಂದ ಎರಕದ ಕೈಚಳಕ. ಕುಲುಮೆಯನ್ನು ಅಲ್ಲಿ ಹಿಡಿದಿಟ್ಟದ್ದು ಆಗ ಇವೆಲ್ಲ.

1990ರ ದಶಕದಲ್ಲಿ ಖಾಸಗಿ ಬಂಡವಾಳ ಕರ್ನಾಟಕದಲ್ಲಿ ಉಕ್ಕಿಗೆ ಜಾಗ ಹುಡುಕಿದಾಗ ಅದು ನೇರವಾಗಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಯಿತು. ಕಲ್ಲಿದ್ದಲು ಹಡಗಿನಲ್ಲಿ ಬರಲಿ, ಅದಿರು ಬಾಗಿಲಲ್ಲಿರಲಿ ಎಂಬ ಲೆಕ್ಕ ಅದು. ಕೆಮ್ಮಣ್ಣುಗುಂಡಿಯಲ್ಲಿ ಗಣಿಗಾರಿಕೆ ನಿಂತಿತು. ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಬಂದಿದ್ದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಅದರ ನೂರನೆಯ ವರ್ಷದಲ್ಲಿ, ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಉಳಿಯಬೇಕಾದರೆ ಸ್ವಂತ ಗಣಿ ಬೇಕೆಂಬ ಮಾತು ಅದಕ್ಕೂ ಹಿಂದಿನಿಂದ ನಡೆದಿತ್ತು. ಆ ಗಣಿಗಾಗಿ ನೋಡಿದ ಜಾಗ ಸಂಡೂರಿನ ರಮಣದುರ್ಗ.