ಎಡ ಮಿದುಳು, ಹಲವು ಭಾಷೆ

ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವರಲ್ಲಿ ಎಷ್ಟೋ ಮಂದಿಗೆ ಮಾತೂ ಬಿದ್ದುಹೋಗುತ್ತದೆ. ಎಡಗೈ, ಎಡಗಾಲು ಬಿದ್ದವರಿಗೆ ಹಾಗಾಗುವುದು ಅಪರೂಪ. ಮಿದುಳಿನ ಎರಡು ಅರ್ಧಗೋಳಗಳು ದೇಹದ ಎದುರು ಬದಿಗಳನ್ನು ನಡೆಸುತ್ತವೆ. ಭಾಷೆಯ ಹೊಣೆ ಮಾತ್ರ ಬಹುಮಟ್ಟಿಗೆ ಎಡಗೋಳದ್ದೇ.

ಈ ನಂಟನ್ನು ಫ್ರಾನ್ಸಿನ ವೈದ್ಯ ಮಾರ್ಕ್ ಡಾಕ್ಸ್ 1836ರಲ್ಲೇ ಬರೆದಿಟ್ಟಿದ್ದ. ಅದು ಬೆಳಕಿಗೆ ಬಂದದ್ದು 1860ರ ದಶಕದಲ್ಲಿ, ಅವನ ಮಗನ ಮೂಲಕ. ಅಷ್ಟರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ 1861ರಲ್ಲಿ, 'ತಾನ್' ಎಂಬ ಒಂದೇ ಸದ್ದು ಉಳಿದಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಗಾಯ ಕಂಡಿದ್ದ. ಅಲ್ಲಿ ಪೆಟ್ಟಾದವರು ಕನ್ನಡಿಗರಾದರೆ 'ನಾನು ಅಂಗಡಿಗೆ ಹೋಗಿದ್ದೆ' ಎನ್ನಲು ಹೊರಟು 'ನಾನು... ಅಂಗಡಿ...' ಎಂದು ತಡವರಿಸುತ್ತಾರೆ; ವಿಭಕ್ತಿ, ಕ್ರಿಯಾಪದದ ಕೊನೆ ಕೈಗೆ ಸಿಗುವುದಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ತೋರಿಸಿದ: ಮಾತು ಸರಾಗ, ಆದರೆ ಅರ್ಥವಿಲ್ಲ, ಎದುರಿನವರ ಮಾತೂ ತಿಳಿಯದು.

ಗಾಯಗೊಂಡ ಮಿದುಳಿಗಾಗಿ ಕಾಯುವ ಕಾಲ ಮುಗಿದದ್ದು 20ನೇ ಶತಮಾನದ ನಡುವೆ. ಜೂನ್ ವಾಡಾ ಒಂದು ಬದಿಯ ಕತ್ತಿನ ರಕ್ತನಾಳಕ್ಕೆ ಔಷಧಿ ಕೊಟ್ಟು ಆ ಬದಿಯ ಮಿದುಳನ್ನಷ್ಟೇ ಸ್ವಲ್ಪ ಹೊತ್ತು ಮಲಗಿಸುವ ಪರೀಕ್ಷೆ ರೂಪಿಸಿದರು. ಅದರಿಂದ 1977ರಲ್ಲಿ ಪ್ರಕಟವಾದ ಲೆಕ್ಕದಂತೆ ಬಲಗೈಯವರಲ್ಲಿ ಶೇ. 96 ಮಂದಿಗೆ ಮಾತಿನ ನೆಲೆ ಎಡಗೋಳ. ಎಡಚರಲ್ಲೂ ಶೇ. 70ರಷ್ಟು ಜನರಿಗೆ ಅದೇ. ಎಡಚರ ಮಿದುಳು ತಿರುಗುಮುರುಗು ಎಂಬ ಊಹೆ ಇಲ್ಲಿಗೆ ಬಿತ್ತು.

ಎರಡು ಗೋಳಗಳನ್ನು ಜೋಡಿಸುವ ನಾರುಗಳ ಬಿಳಿ ಪಟ್ಟಿಯನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯಕ್ಕೆ ಹೋಗಬಹುದು. ತೀವ್ರ ಮೂರ್ಛೆರೋಗದ ಚಿಕಿತ್ಸೆಗೆಂದು ಈ ಪಟ್ಟಿಯನ್ನು ಕತ್ತರಿಸಿಕೊಂಡವರನ್ನು ರೋಜರ್ ಸ್ಪೆರಿ ಮತ್ತು ಮೈಕೇಲ್ ಗಜಾನಿಗ 1960ರ ದಶಕದಲ್ಲಿ ಪರೀಕ್ಷಿಸಿದರು. ಕಣ್ಣಿಗೆ ಕಾಣದಂತೆ ಎಡಗೈಗೆ ಬೀಗದ ಕೈ ಕೊಟ್ಟರೆ ಅಂಥವರು ಅದರ ಹೆಸರು ಹೇಳಲಾರರು. ಆದರೆ ಹಲವು ವಸ್ತುಗಳ ನಡುವಿನಿಂದ ಅದೇ ಕೈ ಅದನ್ನು ತಡಕಿ ಆರಿಸುತ್ತದೆ. ಬಲಗೋಳಕ್ಕೆ ವಸ್ತು ಗೊತ್ತು, ಬಾಯಿ ಅದರ ಕೈಯಲ್ಲಿಲ್ಲ. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಜೊತೆಗೇ 'ಎಡಮಿದುಳಿನವರು ಲೆಕ್ಕಿಗರು, ಬಲಮಿದುಳಿನವರು ಕಲಾವಿದರು' ಎಂಬ ಮಾತೂ ಹಬ್ಬಿತು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಸ್ಕ್ಯಾನ್ ನೋಡಿದಾಗ ಅಂಥ ಎರಡು ಜಾತಿಯ ಜನ ಸಿಗಲಿಲ್ಲ. ಮಕ್ಕಳ ಬಲಮಿದುಳನ್ನು ಎಬ್ಬಿಸುತ್ತೇವೆಂಬ ಭರವಸೆಗೆ ದುಡ್ಡು ಕಟ್ಟುವ ತಂದೆತಾಯಿಗಳಿಗೆ ಇದು ತಿಳಿದಿರಬೇಕು.

ಕರ್ನಾಟಕಕ್ಕೆ ನೇರವಾಗಿ ತಟ್ಟಿದ ಪ್ರಶ್ನೆ ಬೇರೆಯದು. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಒಳಗೆ ತಮಿಳೋ ತೆಲುಗೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟೂ ಎಡಗೋಳದಲ್ಲೇ ಇರುತ್ತವೆಯೇ? ಬಹುಭಾಷಿಕರಲ್ಲಿ ಬಲಗೋಳದ ಪಾಲು ಹೆಚ್ಚು ಎಂದು ಮಾರ್ಟಿನ್ ಆಲ್ಬರ್ಟ್ ಮತ್ತು ಲೊರೇನ್ ಓಬ್ಲರ್ 1978ರಲ್ಲಿ ವಾದಿಸಿದರು. ಅದು ನಿಜವಾದರೆ, ಬಲಗೋಳಕ್ಕೆ ಪೆಟ್ಟಾಗಿ ಮಾತು ಕಳೆದುಕೊಂಡ ಬಲಗೈಯವರು ಬಹುಭಾಷಿಕರಲ್ಲಿ ಹೆಚ್ಚು ಸಿಗಬೇಕು. ಒಂದೇ ಭಾಷೆಯ ನಾಡುಗಳಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ, ಇಲ್ಲಿ ಸುಲಭ. ಪ್ರತಿಭಾ ಕಾರಂತ ಮತ್ತು ಜಿ. ಎನ್. ರಂಗಮಣಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಕೆನಡಾದ ಮಿಶೆಲ್ ಪಾರಾಡಿಸ್ 1990ರಲ್ಲಿ ಈ ಚರ್ಚೆ ಇನ್ನು ನಿಲ್ಲಲಿ ಎಂದು ಬರೆಯುವ ಹೊತ್ತಿಗೆ ಭಾರತದ ಈ ಸಾಕ್ಷ್ಯ ತೂಕದ್ದಾಗಿತ್ತು. ಕಲಿತ ಭಾಷೆಗಳೆಲ್ಲ ಮುಖ್ಯವಾಗಿ ಒಂದೇ ಗೋಳದ ಆಸರೆಯಲ್ಲಿವೆ. ಇಂಥ ಅಧ್ಯಯನಗಳಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ನಿಮ್ಹಾನ್ಸ್ ದೊಡ್ಡ ನೆಲೆಗಳಾಗಿವೆ. ಇಂಗ್ಲಿಷಿಗೆ ಹೊಲಿದ ಪರೀಕ್ಷೆಯಲ್ಲಿ ಕನ್ನಡದ ಪ್ರತ್ಯಯಗಳ ತಪ್ಪು ಸಿಕ್ಕಿಬೀಳುವುದಿಲ್ಲವಾದ್ದರಿಂದ ಕನ್ನಡದ್ದೇ ಪರೀಕ್ಷೆಗಳು ಬೇಕಾದವು.

ಓದಿನ ಪ್ರಶ್ನೆಯೂ ಇದರೊಂದಿಗೇ ಬಂತು. ಎಡಗೋಳದ ಹಿಂಭಾಗಕ್ಕೂ ಜೋಡಿಸುವ ಪಟ್ಟಿಯ ಹಿಂತುದಿಗೂ ಪೆಟ್ಟಾದರೆ ಬರೆಯಲು ಬಂದೂ ಓದಲು ಬಾರದ ಸ್ಥಿತಿ ಉಂಟಾಗಬಹುದು: ಈಗಷ್ಟೇ ತಾವೇ ಬರೆದ ಸಾಲು ತಮಗೇ ಅಪರಿಚಿತ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಅಂಥ ಒಬ್ಬರನ್ನು ಕುರಿತು ಕಾರಂತರು 1981ರಲ್ಲೇ ಬರೆದಿದ್ದರು. ಗುಣಿತಾಕ್ಷರದ ಲಿಪಿಗೂ ಬಿಡಿ ಅಕ್ಷರದ ಲಿಪಿಗೂ ಒಂದೇ ಮಿದುಳು ಹೇಗೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಇಬ್ಬರಲ್ಲ, ಒಬ್ಬರೇ ಓದುಗರಲ್ಲಿ ನೋಡುವ ಅವಕಾಶ ಇದು.

ಹಾಗೆಂದು ಬಲಗೋಳ ಸುಮ್ಮನೆ ಕೂತಿಲ್ಲ. 'ಚೆನ್ನಾಗಿದೆಯಲ್ಲ' ಎಂಬುದು ಮೆಚ್ಚುಗೆಯೋ ಚುಚ್ಚುಮಾತೋ ಎಂದು ದನಿಯಿಂದ ಗುರುತಿಸುವುದರಲ್ಲಿ ಅದರ ಪಾಲು ದೊಡ್ಡದು. ಜಾಗದ ಗಮನವೂ ಅದರದ್ದೇ. ಅಲ್ಲಿ ಪೆಟ್ಟಾದವರು ಊಟಕ್ಕೆ ಕೂತರೆ ಎಲೆಯ ಬಲಭಾಗ ಬರಿದಾಗಿ, ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿಯಬಹುದು. ಕಣ್ಣು ಸರಿಯಿದೆ, ಎಡಬದಿ ಇದೆಯೆಂಬ ಅರಿವೇ ಇಲ್ಲ. ಇದನ್ನು ಮನೆಯವರು ಹಟವೆಂದು ತಿಳಿದು ಗದರಬಾರದು. ಎಲೆಯನ್ನು ಒಂದಿಷ್ಟು ಬಲಕ್ಕೆ ಸರಿಸಿದರೆ ಆ ಹೊತ್ತಿನ ಊಟವಂತೂ ಆಗುತ್ತದೆ.

ಮತ್ತೆ ಹಲವು ಭಾಷೆಯ ವಿಷಯಕ್ಕೆ ಬಂದರೆ, ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 608 ಪಾರ್ಶ್ವವಾಯು ರೋಗಿಗಳ ಅಧ್ಯಯನವನ್ನು 2016ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5 ಮಂದಿಯ ಅರಿವಿನ ಶಕ್ತಿ ಕುಂದಿರಲಿಲ್ಲ. ಏಕಭಾಷಿಕರಲ್ಲಿ ಅಂಥವರು ಶೇ. 19.6. ಮಾತು ಕಳೆದುಕೊಂಡವರ ಪ್ರಮಾಣ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.