ಅರ್ಧ ದಿನದ ಹೈದರಾಬಾದ್, ಪಟ್ಟಿಯಲ್ಲಿಲ್ಲದ ಜಾಗಗಳು

ಪೋಸ್ಟ್ ಉದ್ದ ಐತಿ, ಪುರುಸೊತ್ತಾದಾಗ ಓದ್ರಿ.

ಹೋದ ತಿಂಗಳು ಅಕ್ಕನ ಮಗಳ ಜೊತೆ ಹೈದರಾಬಾದಿಗೆ ಹೋಗಿದ್ದೆ. ಅವಳಿಗೆ ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಸಂದರ್ಶನ ಇತ್ತು. ಸಾಲಗುಂದದ ನಮ್ಮ ಓಣಿಯಿಂದ ಅಷ್ಟು ದೂರ ಓದಲಿಕ್ಕೆ ಹೊರಟ ಮೊದಲ ಹೆಣ್ಣುಮಗಳು. ಅಕ್ಕ ಬುತ್ತಿ ಕಟ್ಟಿಕೊಟ್ಟಳು, ಆದರೆ ಬಸ್ಸು ಹತ್ತಿಸುವಾಗ ನನ್ನನ್ನು ಬದಿಗೆ ಕರೆದು ಕೇಳಿದ್ದು ಒಂದೇ ಮಾತು: "ಆ ಹುಡುಗ ಜೀವ ಕಳಕೊಂಡ ಕಾಲೇಜು ಅದೇ ಅಲ್ಲೇನೋ?" ಹೌದು ಅಂದೆ. ಮುಂದೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಸಂದರ್ಶನ ಮುಗಿದ ಮರುದಿನ ಸಿಂಧನೂರಿನ ಬಸ್ಸು ಇದ್ದದ್ದು ರಾತ್ರಿಗೆ. ಹುಡುಗಿ, "ಮಾವ, ಇಲ್ಲಿತನ ಬಂದೀವಿ, ನಿಜಾಮನ ಊರು ತೋರ್ಸು" ಅಂದಳು. ಒಂದು ಕಾರು ಮಾಡಿದೆವು. ನಾಲ್ಕು ತಾಸು, ನಲವತ್ತು ಕಿಲೋಮೀಟರ್, ಡ್ರೈವರೇ ಗೈಡು. ಪಾಲಮೂರು ಕಡೆಯ ಹುಡುಗ. ನಮ್ಮವರು ಗುಳೆ ಹೋದಂಗ ಅವರ ಕಡೆಯವರೂ ಊರು ಬಿಟ್ಟು ದುಡಿಯಲಿಕ್ಕೆ ಹೋಗುವವರೇ, ಹಂಗಾಗಿ ಬಲುಬೇಗ ಮಾತು ಕೂಡಿತು. ಅರ್ಧ ತೆಲುಗು, ಅರ್ಧ ದಖನಿ. ಅವನ ಪಟ್ಟಿ ಸಿದ್ಧ ಇತ್ತು: ಚಾರ್ಮಿನಾರ್, ಮೆಕ್ಕಾ ಮಸೀದಿ, ಚೌಮಹಲ್ಲಾ ಅರಮನೆ, ಸಾಲಾರ್ ಜಂಗ್ ಮ್ಯೂಸಿಯಂ, ನಡುವೆ ಒಂದು ಮುತ್ತಿನ ಅಂಗಡಿ. ಮುತ್ತಿನ ಅಂಗಡಿ ಬ್ಯಾಡಪ್ಪ ಅಂದೆ. ಕಮಿಷನ್ ಹೋಯಿತಲ್ಲ ಅಂತ ಅವನ ಮಾರಿ ಒಂದೀಟು ಸಣ್ಣದಾಯಿತು.

ಈ ಊರಿಗೂ ನಮಗೂ ಇರುವ ಸಂಬಂಧ ಬೆಂಗಳೂರು ಕಡೆಯ ಗೆಳೆಯರಿಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ರಾಜಧಾನಿ ಹೈದರಾಬಾದು, ಬೆಂಗಳೂರಲ್ಲ. ನಾವು ಈಗಲೂ ದವಾಖಾನಿ ಅಂತೀವಿ, ದಫ್ತರ ಅಂತೀವಿ. ಸಿಂಧನೂರಿನ ಗದ್ದೆಗೆ ನೀರು ಹರಿಸುವ ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಇಟ್ಟದ್ದು ಆ ದಂಡೆಯಲ್ಲಿ ಮದರಾಸಿನ ಗವರ್ನರ್, ಈ ದಂಡೆಯಲ್ಲಿ ನಿಜಾಮನ ಹಿರಿಯ ಮಗ. ನಮ್ಮ ಮಸ್ಕಿಯ ಬಂಡೆ ನೋಡ್ರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದವನಿಗೆ ಸಿಕ್ಕದ್ದು ಅಶೋಕನ ಶಾಸನ. ಬೇರೆ ಕಡೆಯೆಲ್ಲ 'ದೇವಾನಾಂಪ್ರಿಯ' ಅಂತಷ್ಟೇ ಇದ್ದದ್ದು, ಇಲ್ಲಿ 'ಅಶೋಕ' ಎಂದು ಹೆಸರೇ ಕೆತ್ತಿತ್ತು. ನಿಜಾಮ ಸರ್ಕಾರದ ಪುರಾತತ್ವ ಇಲಾಖೆ ಶುರುವಾಗಿ ಇನ್ನೂ ಒಂದು ವರ್ಷ ಆಗಿತ್ತು. ಅವರ ಪುಸ್ತಕಮಾಲೆಯ ಮೊದಲನೇ ನಂಬರಿನ ಪುಸ್ತಕವೇ ಮಸ್ಕಿ ಶಾಸನದ ಮೇಲೆ, ಬರೆದವರು ಎಚ್. ಕೃಷ್ಣಶಾಸ್ತ್ರಿ. ಬುದ್ಧನ ದಾರಿ ಹಿಡಿದ ಅರಸನ ಹೆಸರನ್ನು ನಮ್ಮೂರ ಪಕ್ಕದ ಬಂಡೆ ಕಾದಿಟ್ಟುಕೊಂಡಿತ್ತು, ಅದು ಜಗತ್ತಿಗೆ ಗೊತ್ತಾದದ್ದು ಹೈದರಾಬಾದಿನ ಮೂಲಕ. ಕಾರಿನಲ್ಲಿ ಇದನ್ನು ಹೇಳಿದರೆ ಹುಡುಗಿ, "ಮಾವ, ಭಾಷಣ ಸಾಕು, ಚಾರ್ಮಿನಾರ್ ಬಂತು" ಅಂದಳು.

ಚಾರ್ಮಿನಾರ್ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 1591, ಕುಲಿ ಕುತುಬ್ ಶಾ, ಎಲ್ಲರಿಗೂ ಗೊತ್ತಿದೆ. ಚೆಂದ ಐತಿ. ಬಳಿ ಕೊಂಡಳು, ಚಹಾ ಕುಡಿದೆವು.

ಚೌಮಹಲ್ಲಾದಲ್ಲಿ ನಿಂತಾಗ ಮಾತ್ರ ನನಗೆ ಅಜ್ಜನ ನೆನಪಾಯಿತು. ದರ್ಬಾರ್ ಹಾಲಿನ ತುಂಬ ಬೆಲ್ಜಿಯಂ ಗಾಜಿನ ದೀಪಗುಚ್ಛಗಳು, ಹಿಂದಿನ ಅಂಗಳದಲ್ಲಿ ಹಳದಿ ರೋಲ್ಸ್ ರಾಯ್ಸ್. 1937ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಚಿತ್ರ ಮುಖಪುಟಕ್ಕೆ ಹಾಕಿ ಜಗತ್ತಿನ ಅತಿ ಶ್ರೀಮಂತ ಅಂದಿತ್ತು. ಹುಡುಗಿ ಕಾರು ನೋಡುತ್ತಾ ಕೇಳಿದಳು: "ಇದ್ರಾಗ ನಮ್ಮೂರಿಂದ ಬಂದದ್ದು ಎಷ್ಟಿರಬೇಕು ಮಾವ?"

ಲೆಕ್ಕ ಯಾರು ಇಟ್ಟಾರ? ಆದರೆ ದಾರಿ ಗೊತ್ತೈತಿ. ಸರ್ಕಾರಿ ಕಂದಾಯದ ದಿವಾನಿ ಭೂಮಿ ಒಂದು ಕಡೆ, ಜಹಗೀರದಾರರ ಊರುಗಳು ಇನ್ನೊಂದು ಕಡೆ, ಅದರ ಮೇಲೆ ನಿಜಾಮನ ಖಾಸಾ ಖರ್ಚಿಗೆಂದೇ ಇದ್ದ ಸರ್ಫ್-ಎ-ಖಾಸ್ ಜಮೀನು. ಇವು ರದ್ದಾದದ್ದು 1949ರಲ್ಲಿ. ಆ ಜಮೀನಿನಲ್ಲಿ ನಮ್ಮವರದ್ದು ಒಂದು ಗೇಣೂ ಇರಲಿಲ್ಲ, ಉಳುಮೆ ಮಾತ್ರ ಇತ್ತು. ಸಾಲ ತೀರಿಸಲಿಕ್ಕೆ ತಲೆಮಾರುಗಟ್ಟಲೆ ಗೌಡನ ಮನೆಯಲ್ಲಿ ದುಡಿಯುವ ಕರಾರಿಗೆ ಸಂಸ್ಥಾನದ ಕಾಗದಪತ್ರದಲ್ಲಿ 'ಭಗೇಲಾ' ಅಂತ ಹೆಸರಿತ್ತು. ಅದಕ್ಕೆ ಲಗಾಮು ಹಾಕಲು 1936ರಲ್ಲಿ ಒಂದು ಕಾನೂನೂ ಬಂತು. ಕಾನೂನು ಹೈದರಾಬಾದಿನಲ್ಲಿ ಉಳಿಯಿತು, ಜೀತ ನಮ್ಮೂರಿನಲ್ಲಿ ಉಳಿಯಿತು. ಗಿರ್ದಾವರ್ ಊರಿಗೆ ಬಂದರೆ ಅವನ ಹಾಸಿಗೆ, ಪೆಟಾರಿ ಹೊತ್ತುಕೊಂಡು ಮುಂದಿನ ಊರಿಗೆ ಮುಟ್ಟಿಸಬೇಕಿತ್ತು ಅಂತ ಅಜ್ಜ ಹೇಳುತ್ತಿದ್ದ. ಕೂಲಿ ಇಲ್ಲ. ಗಿರ್ದಾವರ್ ಮುಸಲ್ಮಾನನಾದರೂ ಅಷ್ಟೇ, ಬ್ರಾಹ್ಮಣನಾದರೂ ಅಷ್ಟೇ, ಹೊರುವ ತಲೆ ಬದಲಾಗುತ್ತಿರಲಿಲ್ಲ.

ಈಗ ಸೆಪ್ಟೆಂಬರ್ 17 ಬಂದರೆ ನಮ್ಮ ಭಾಗದಲ್ಲಿ ಎರಡೇ ಕಥೆ ಕೇಳಿಸುತ್ತವೆ. ಒಂದು, ರಜಾಕಾರರ ದೌರ್ಜನ್ಯ, ಆಮೇಲೆ ವಿಮೋಚನೆ. ಇನ್ನೊಂದು, ನಿಜಾಮ ಎಷ್ಟು ಒಳ್ಳೆಯವನಿದ್ದ, ಆಸ್ಪತ್ರೆ ಕಟ್ಟಿಸಿದ, ವಿಶ್ವವಿದ್ಯಾಲಯ ಕಟ್ಟಿಸಿದ. ರಜಾಕಾರರ ಕ್ರೌರ್ಯ ಸುಳ್ಳಲ್ಲ. ಪೊಲೀಸ್ ಕಾರ್ಯಾಚರಣೆಯ ನಂತರ ಕಲಬುರಗಿ, ಬೀದರ್ ಕಡೆ ಮುಸಲ್ಮಾನರ ಮೇಲೆ ನಡೆದದ್ದೂ ಸುಳ್ಳಲ್ಲ; ಕೇಂದ್ರವೇ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತ್ತು, ಆ ವರದಿಯನ್ನು ದಶಕಗಟ್ಟಲೆ ಮುಚ್ಚಿಟ್ಟರು. ಆದರೆ ಈ ಎರಡೂ ಕಥೆಗಳಲ್ಲಿ ನಾವು ಎಲ್ಲಿ? ಪೆಟಾರಿ ಹೊತ್ತ ನಮ್ಮಜ್ಜ ಎಲ್ಲಿ?

ಅದಕ್ಕೇ ಸಾಲಾರ್ ಜಂಗ್ ಮ್ಯೂಸಿಯಂ ಬಿಟ್ಟುಬಿಡು ತಮ್ಮಾ, ಚಾದರ್‌ಘಾಟಿಗೆ ನಡಿ ಅಂದೆ. ಡ್ರೈವರ್ ತಿರುಗಿ ನೋಡಿದ. "ಅಲ್ಲಿ ಏನೂ ಇಲ್ಲ ಸಾರ್." ಆದಿ ಹಿಂದೂ ಭವನ ಐತಿ ಅಂದೆ. ಹನ್ನೆರಡು ವರ್ಷದಿಂದ ಈ ಊರಲ್ಲಿ ಗಾಡಿ ಓಡಿಸುತ್ತಿದ್ದಾನಂತೆ, ಕೇಳಿಯೇ ಇರಲಿಲ್ಲ. ಮೂಸಿ ದಾಟಿ, ಎರಡು ಕಡೆ ವಿಚಾರಿಸಿ ಹೋದೆವು.

ಆ ಭವನ ಕಟ್ಟಿಸಿದವರು ಭಾಗ್ಯರೆಡ್ಡಿ ವರ್ಮ. 1888ರ ಮೇ 22ರಂದು ಇದೇ ಹೈದರಾಬಾದಿನ ಮಾಲ ಕುಟುಂಬದಲ್ಲಿ ಹುಟ್ಟಿದವರು, ಮೊದಲ ಹೆಸರು ಮಾದರಿ ಭಾಗಯ್ಯ. ಈ ನೆಲ ಆಳಿದವರು ನಾವೇ, 'ರೆಡ್ಡಿ' ಎಂಬುದು ಆಳುವವನು ಎಂಬರ್ಥದ ಹಳೆಯ ಮಾತು ಅಂತ ಮನೆಯ ಗುರು ಹೇಳಿದ್ದಕ್ಕೆ ಭಾಗ್ಯರೆಡ್ಡಿ ಆದರು. ರೆಡ್ಡಿಗಳ ಗದ್ದೆಯಲ್ಲಿ ಕೂಲಿ ಮಾಡುವ ಸಿಂಧನೂರಿನ ನಮ್ಮ ಜನಕ್ಕೆ ಈ ಹೆಸರಿನ ಮಜಾ ಬೇರೆ ಬಿಡಿಸಿ ಹೇಳಬೇಕಾಗಿಲ್ಲ! 'ವರ್ಮ' ಎಂಬುದು 1913ರಲ್ಲಿ ಆರ್ಯಸಮಾಜದವರು ಕೊಟ್ಟ ಬಿರುದು. ಆದರೆ ಅವರು ಆರ್ಯಸಮಾಜದ ನೆರಳಲ್ಲಿ ನಿಲ್ಲಲಿಲ್ಲ.

1906ರಲ್ಲೇ ಜಗನ್ಮಿತ್ರ ಮಂಡಳಿ ಕಟ್ಟಿದರು. ನೆನಪಿಡ್ರಿ, ಬಾಬಾಸಾಹೇಬರು ಆಗ ಇನ್ನೂ ಮೆಟ್ರಿಕ್ ಪಾಸಾಗಿರಲಿಲ್ಲ. ಹರಿಕಥೆ, ಭಜನೆಯ ನೆವದಲ್ಲಿ ಜನರನ್ನು ಕೂಡಿಸಿ ಕುಡಿತ ಬಿಡಿಸುವುದು, ಓದು ಕಲಿಸುವುದು. 1910ರಲ್ಲಿ ಇಸಾಮಿಯಾ ಬಜಾರಿನಲ್ಲಿ ನಮ್ಮ ಮಕ್ಕಳಿಗೆಂದೇ ಶಾಲೆ. ಸರ್ಕಾರದ ಭಾಷೆ ಉರ್ದು. ಅವರ ಶಾಲೆ ನಡೆದದ್ದು ಮಕ್ಕಳ ಮನೆಮಾತು ತೆಲುಗಿನಲ್ಲಿ. 1930ರ ದಶಕದ ಹೊತ್ತಿಗೆ ಇಂಥ ಶಾಲೆಗಳು 25ನ್ನು ದಾಟಿದ್ದವು. 1917ರಲ್ಲಿ ಬೆಜವಾಡದಲ್ಲಿ 'ಪಂಚಮ'ರ ಸಮ್ಮೇಳನ ಅಂತ ಕರೆದಿದ್ದರು, ಅಧ್ಯಕ್ಷರಾಗಿ ಹೋದ ಇವರು ಆ ಹೆಸರನ್ನೇ ಒಪ್ಪಲಿಲ್ಲ. ಪಂಚಮ ಅಂದರೆ ನಾಲ್ಕರ ಆಚೆಗೆ ಬಿದ್ದವನು. ನಾವು ಆಚೆಗೆ ಬಿದ್ದವರಲ್ಲ, ಮೊದಲೇ ಇದ್ದವರು. ಅಲ್ಲಿಂದ 'ಆದಿ ಆಂಧ್ರ' ಎಂಬ ಹೆಸರು ನಿಂತಿತು. ಹಳೇ ಮೈಸೂರಿನ ಗೆಳೆಯರ ಜಾತಿ ಸರ್ಟಿಫಿಕೇಟಿನಲ್ಲಿರುವ 'ಆದಿ ಕರ್ನಾಟಕ'ವೂ ಇದೇ ವಿಚಾರದ ಕುಡಿ. 1931ರ ಜನಗಣತಿಯಲ್ಲಿ ಹೈದರಾಬಾದ್ ಸಂಸ್ಥಾನ ನಮ್ಮವರನ್ನು 'ಆದಿ ಹಿಂದೂ' ಎಂದೇ ಬರೆಸಿತು. ಒಬ್ಬ ಬ್ಯಾರಿಸ್ಟರನ ಮನೆಗೆಲಸಕ್ಕೆ ಇದ್ದ ಹುಡುಗ ಸರ್ಕಾರದ ಖಾತೆಯಲ್ಲಿ ಲಕ್ಷಾಂತರ ಜನರ ಹೆಸರನ್ನು ಬದಲಿಸಿದ. ದುಂಡುಮೇಜಿನ ಪರಿಷತ್ತಿಗೆ ದಲಿತರ ಪರವಾಗಿ ಅಂಬೇಡ್ಕರ್ ಅವರೇ ಹೋಗಬೇಕು ಅಂತ ಬೆಂಬಲ ಕೊಟ್ಟವರಲ್ಲಿಯೂ ಇವರಿದ್ದರು.

ನನ್ನ ಪಾಲಿಗೆ ಇವರ ಎಲ್ಲಾ ಕೆಲಸಕ್ಕಿಂತ ದೊಡ್ಡದು ಬಸವಿ, ಮುರಳಿ, ಜೋಗಿನಿ ಬಿಡುವ ಪದ್ಧತಿ ವಿರುದ್ಧ ಮಾಡಿದ ಹೋರಾಟ. ನಮ್ಮ ಕರ್ನಾಟಕದಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅದಕ್ಕೂ ಎಷ್ಟೋ ದಶಕ ಮೊದಲು ಈ ಮನುಷ್ಯ ಕೇರಿಕೇರಿ ಅಲೆದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಬೇಡಿ ಅನ್ನುತ್ತಿದ್ದ. ಕಾರಿನಲ್ಲಿ ಇದನ್ನು ಹೇಳುವಾಗ ಹುಡುಗಿ ಏನೂ ಮಾತಾಡಲಿಲ್ಲ. ಯಾಕಂದ್ರ ನಮ್ಮ ಮನೆತನದಲ್ಲೂ ಒಬ್ಬ ಅಮ್ಮ ಇದ್ದಳು. ಅವಳ ಹೆಸರು ಇಲ್ಲಿ ಬೇಡ.

ಇಸಾಮಿಯಾ ಬಜಾರಿಗೂ ಹೋದೆವು. ಮೊದಲ ಶಾಲೆ ಎಲ್ಲಿತ್ತು ಅಂತ ತೋರಿಸುವವರು ಯಾರೂ ಸಿಗಲಿಲ್ಲ. ಅದರ ಪಕ್ಕದಲ್ಲೇ ಕೋಠಿಯ ಬ್ರಿಟಿಷ್ ರೆಸಿಡೆನ್ಸಿ ಇದೆ, ಅದರ ಬಗ್ಗೆ ಡ್ರೈವರಿಗೆ ಹತ್ತು ನಿಮಿಷದ ಪ್ರೇಮಕಥೆ ಬಾಯಿಪಾಠ ಇತ್ತು.

ಇನ್ನೊಂದು ಮಾತು. ಸಿಹಿಯಾದದ್ದನ್ನು ಮಾತ್ರ ಹೇಳಿದರೆ ಇತಿಹಾಸ ಆಗುವುದಿಲ್ಲ. ಆದಿ ಹಿಂದೂ ಚಳವಳಿಯಲ್ಲಿ ಮಾಲರದೇ ಮೇಲುಗೈ ಅಂತ ಮಾದಿಗರಿಗೆ ಅನ್ನಿಸಿತ್ತು. ಅರಿಗೆ ರಾಮಸ್ವಾಮಿ ಅವರಂಥವರು ಅವರ ಪರ ನಿಂತರು, ಅರುಂಧತೀಯರ ಪ್ರತ್ಯೇಕ ಸಂಘಟನೆ ಆಗಲೇ ಹುಟ್ಟಿತು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಳಮೀಸಲಾತಿ ಬಗ್ಗೆ ಎಡಗೈ ಬಲಗೈ ಅಂತ ಜಗಳ ಆಡಿದೆವಲ್ಲ, ಅದು ನಿನ್ನೆ ಮೊನ್ನೆಯದಲ್ಲ. ಪಾಲು ಕೇಳಿದವರನ್ನು ಒಡಕು ತರುವವರು ಅಂತ ಆಗಲೂ ಕರೆದರು. ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ, ಪಾಲು ಕೇಳುವುದು ಒಡಕಲ್ಲ. ಬೈಯುವವರು ಕಾಮೆಂಟಿನಲ್ಲಿ ಬೈರಿ.

1947-48ರಲ್ಲಿ ನಮ್ಮ ನಾಯಕರು ಮತ್ತೆ ಒಡೆದರು. ಬಿ.ಎಸ್. ವೆಂಕಟರಾವ್ ನಿಜಾಮನ ಕೊನೆಯ ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲ ಸೇರಿದರು. ಬಿ. ಶ್ಯಾಮಸುಂದರ್ ಹೈದರಾಬಾದಿನ ಪರ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಜೆ.ಎಚ್. ಸುಬ್ಬಯ್ಯ ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟದ ಜೊತೆ ನಿಂತರು. ಬಾಬಾಸಾಹೇಬರು 1947ರ ನವೆಂಬರಿನಲ್ಲಿ ಹೇಳಿಕೆ ಕೊಟ್ಟು, ನಿಜಾಮನ ಪಕ್ಷ ಹಿಡಿಯಬೇಡಿ ಅಂತ ಸಂಸ್ಥಾನದ ದಲಿತರಿಗೆ ಸ್ಪಷ್ಟವಾಗಿ ಹೇಳಿದರು. ನಾನು ಬಾಬಾಸಾಹೇಬರ ಮಾತಿನ ಕಡೆಯವನು. ಹಂಗಂತ ಶ್ಯಾಮಸುಂದರರನ್ನು ದ್ರೋಹಿ ಅನ್ನಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ದಿಲ್ಲಿ ಬಂದರೂ ಊರ ಗೌಡನೇ ಗೌಡನಾಗಿ ಉಳಿಯುತ್ತಾನೆ ಎಂಬ ಭಯ ಅವರದ್ದಾಗಿದ್ದರೆ, ಆ ಭಯ ಖೊಟ್ಟಿ ಆಗಲಿಲ್ಲ. ಇದೇ ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು, ಮುಂಬೈಯ ದಲಿತ ಪ್ಯಾಂಥರ್ಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ನಮ್ಮ ಹುಡುಗರಿಗೆ ಪ್ಯಾಂಥರ್ಸ್ ಗೊತ್ತು, ಭೀಮಸೇನೆ ಗೊತ್ತಿಲ್ಲ.

ಕೊನೆಗೆ ಹುಸೇನ್ ಸಾಗರ. ನೀರಿನ ನಡುವೆ ಬುದ್ಧ ನಿಂತಿದ್ದಾನೆ. 1990ರಲ್ಲಿ ಸಾಗಿಸುವಾಗ ಮೂರ್ತಿ ಕೆರೆಗೆ ಉರುಳಿ, ಕೆಲಸದವರು ಸತ್ತು, ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನ ತಳದಲ್ಲಿ ಮಲಗಿದ್ದ ಬುದ್ಧ. ದಂಡೆಯ ಮೇಲೆ 125 ಅಡಿಯ ಬಾಬಾಸಾಹೇಬರು, 2023ರ ಏಪ್ರಿಲ್ 14ರಂದು ಅನಾವರಣವಾದದ್ದು. ಕೆಳಗೆ ಸಂಸತ್ತಿನ ಆಕಾರದ 50 ಅಡಿ ಪೀಠ. ಪಕ್ಕದ ಸಚಿವಾಲಯಕ್ಕೂ ಅವರದೇ ಹೆಸರು. 1953ರ ಜನವರಿಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಅವರನ್ನು ಕರೆದು ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಊರಿನಲ್ಲಿ. ಹುಡುಗಿ ಎಷ್ಟು ಹಿಂದೆ ಸರಿದರೂ ಮೂರ್ತಿ ಫೋನಿನಲ್ಲಿ ಪೂರ್ತಿ ಹಿಡಿಯಲಿಲ್ಲ.

ಅಲ್ಲಿ ಕಟ್ಟೆ ಮೇಲೆ ಕೂತು ಬುತ್ತಿಯ ಕೊನೇ ರೊಟ್ಟಿ ತಿನ್ನುವಾಗ ಅವಳೇ ಹಿಂದಿನ ದಿನದ ಮಾತು ತೆಗೆದಳು. ಸಂದರ್ಶನ ಮುಗಿಸಿ ಕ್ಯಾಂಪಸ್ಸಿನಲ್ಲಿ 'ವೆಲಿವಾಡ' ಇದ್ದ ಜಾಗ ನೋಡಿಬಂದಿದ್ದಳಂತೆ, ನನಗೆ ಹೇಳಿರಲಿಲ್ಲ. ವೆಲಿವಾಡ ಅಂದರೆ ಊರಾಚೆಯ ಕೇರಿ. ಹಾಸ್ಟೆಲಿನಿಂದ ಹೊರಗೆ ಹಾಕಿಸಿಕೊಂಡ ಐದು ಜನ ದಲಿತ ಸಂಶೋಧಕರು 2016ರ ಜನವರಿಯ ಚಳಿಯಲ್ಲಿ ಬಯಲಲ್ಲಿ ಮಲಗಿ, ತಮ್ಮ ಡೇರೆಗೆ ತಾವೇ ಇಟ್ಟ ಹೆಸರದು. ಅವರಲ್ಲಿ ರೋಹಿತ್ ವೇಮುಲ ಒಬ್ಬ. 17ನೇ ತಾರೀಖು ಅವನು ಹೋದ. ಇಸಾಮಿಯಾ ಬಜಾರಿನ ಶಾಲೆಯಿಂದ ಆ ಡೇರೆಗೆ 106 ವರ್ಷ.

"ಹೆದರಿಕಿ ಆತೇನು?" ಅಂದೆ. "ಆತು. ಅದಕ್ಕ ಹೋಗಿ ನೋಡಿದೆ" ಅಂದಳು.

ನಾಲ್ಕು ತಾಸು ಹೋಗಿ ಐದೂವರೆ ಆಗಿತ್ತು. ಹೆಚ್ಚಿನ ಹೊತ್ತಿನ ರೊಕ್ಕ ಕೊಟ್ಟೆ, ಡ್ರೈವರ್ ಮುತ್ತಿನ ಅಂಗಡಿ ಬೇಸರ ಮರೆತಿದ್ದ. ನೀವೂ ಹೈದರಾಬಾದಿಗೆ ಹೋದರೆ ಚಾದರ್‌ಘಾಟ್, ಇಸಾಮಿಯಾ ಬಜಾರ್ ಅಂತ ಗಾಡಿ ಹತ್ತುವ ಮೊದಲೇ ಹೇಳಿಬಿಡ್ರಿ. ಆಮೇಲೆ ಹೇಳಿದರೆ ರೇಟು ಬೇರೆ.

ಬಸ್ ನಿಲ್ದಾಣದಲ್ಲಿದ್ದಾಗ ಅಕ್ಕನ ಫೋನು ಬಂತು. ಏನೇನು ನೋಡಿದ್ರಿ ಅಂತ ಕೇಳಿರಬೇಕು, ಹುಡುಗಿ ಚಾರ್ಮಿನಾರ್, ಬಳಿ, ಅಂಬೇಡ್ಕರ್ ಮೂರ್ತಿ ಅಂತ ಹೇಳುತ್ತಾ ಹೋದಳು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಹೇಳಿದಳು: "ಅದನ್ನೂ ನೋಡಿದ್ನೆವ್ವಾ. ಸೀಟು ಸಿಕ್ರ ಎರಡು ಚಾದರ ಬೇಕು, ಹಾಸ್ಟೆಲ್ನಾಗ ಚಳಿ ಭಾಳಂತ."